ಗೋಡೆ ಹಿಡಿದು ಬೀಳುವುದು

ಗಂಜಿಯ ಡಬ್ಬಿ ಇದ್ದ ಚೀಲದಲ್ಲೇ ಬೆಲ್ಟನ್ನೂ ಹಾಕಿಕೊಂಡು ಬಂದದ್ದು ತಪ್ಪಾಯಿತು ಎಂದು ಮನೀಶನಿಗೆ ಅನ್ನಿಸಿದ್ದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ. ಡಬ್ಬಿಯ ಬಿಸಿ ಚೀಲದ ಬಟ್ಟೆಯನ್ನು ದಾಟಿ ಅವನ ತೊಡೆಗೆ ತಾಗುತ್ತಿತ್ತು. ಸೆನ್ಸರ್ ಬಿಸಿಯಾದರೆ ಅಳತೆ ತುಸು ಜಾರುತ್ತದೆ, ಮಧ್ಯಾಹ್ನದೊಳಗೆ ಆರಬೇಕು ಎಂಬ ಯೋಚನೆ ಮೊದಲು ಬಂತು. ಬೆಲ್ಟನ್ನು ನೋಡಿದರೆ ದೊಡ್ಡಮ್ಮ ಏನೆಂದುಕೊಂಡಾರು ಎಂಬುದು ಆಮೇಲೆ ಬಂತು. ಯೋಚನೆಗಳು ಈ ಕ್ರಮದಲ್ಲಿ ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಮೆಟ್ಟಿಲ ತಿರುವಿನಲ್ಲಿ ನಿಂತು ಬೆಲ್ಟನ್ನು ಪ್ಯಾಂಟಿನ ಜೇಬಿಗೆ ತುರುಕಲು ನೋಡಿದ. ಅದರ ಪೆಟ್ಟಿಗೆ ಹಿಡಿಸಲಿಲ್ಲ. ಮತ್ತೆ ಚೀಲಕ್ಕೇ ಹಾಕಿ ಮೇಲೆ ಟವೆಲ್ ಮುಚ್ಚಿದ.

ಕಪ್ಪು ಇಲಾಸ್ಟಿಕ್ ಪಟ್ಟಿ, ಅದರ ನಡುವೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ಮೈಯ ಕುಲುಕನ್ನೂ ಓರೆಯನ್ನೂ ಅಳೆಯುವ ಸೆನ್ಸರ್, ಒಂದು ಬಜರ್. ಹೊರಗೆ ಕೆಂಪು ಬಟನ್. ಸೊಂಟಕ್ಕೆ ಕಟ್ಟಿಕೊಂಡ ಮುದುಕರು ಬಿದ್ದರೆ ಬಜರ್ ಕೂಗಬೇಕು. ಹದಿನೈದು ಸೆಕೆಂಡಿನೊಳಗೆ ಅವರು ಬಟನ್ ಒತ್ತದೆ, ಏಳದೆ ಬಿದ್ದೇ ಇದ್ದರೆ ಮನೆಯವರ ಫೋನಿಗೆ ಮೆಸೇಜ್ ಹೋಗಬೇಕು. ಒತ್ತಿದರೆ ಅಥವಾ ಎದ್ದರೆ ಅದು ಬಿದ್ದದ್ದಲ್ಲ, ಸುಳ್ಳು ಅಲಾರಂ. ಈ ನಿಯಮವನ್ನು ಪ್ರೋಗ್ರಾಮಿನಲ್ಲಿ ಬರೆದವನು ಮನೀಶನೇ. ಅವನೂ ಸಪ್ನಾಳೂ ಸೇರಿ ಮಾಡಿದ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದ ಪ್ರಾಜೆಕ್ಟ್ ಅದು. ಗೋರೆಗಾಂವ್‌ನ ಕಾಲೇಜಿನಲ್ಲಿ ಇವತ್ತು ಮಧ್ಯಾಹ್ನ ಅದರ ಪರೀಕ್ಷೆ. ಹೊರಗಿನಿಂದ ಬರುವ ಪರೀಕ್ಷಕರು ಒಂದು ವೃದ್ಧಾಶ್ರಮದ ಟ್ರಸ್ಟಿಯೂ ಹೌದು. ಅವರು ಒಪ್ಪಿದರೆ ಇಂಥವೇ ಮೂವತ್ತು ಬೆಲ್ಟುಗಳು ಅಲ್ಲಿನ ಮೂವತ್ತು ಸೊಂಟಗಳಿಗೆ ಹೋಗುತ್ತವೆ. ಆದರೆ ಹೋದ ಶುಕ್ರವಾರ ಬೊರಿವಲಿಯ ಮನೆಯಲ್ಲಿ, ಬಚ್ಚಲ ಬಾಗಿಲ ಬಳಿ, ಸೇವಂತಿ ದೊಡ್ಡಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಅದು ಅವರ ಸೊಂಟದಲ್ಲೇ ಇತ್ತು, ಕೂಗಲಿಲ್ಲ. ಅಮ್ಮ ದಾದರಿನ ಬ್ಯಾಂಕಿನಿಂದ ಸಂಜೆ ಬಂದು ಬೀಗ ತೆಗೆಯುವವರೆಗೆ ದೊಡ್ಡಮ್ಮ ಅಲ್ಲೇ ಬಿದ್ದಿದ್ದರು. ಫೋನ್ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಬೆಲ್ಟಿನಲ್ಲಿ ಸುಮ್ಮನಾಗಿಸಲು ಬಟನ್ ಇತ್ತು, ಕರೆಯಲು ಇರಲಿಲ್ಲ. ಅಂಥದೊಂದು ಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ. ಬಿದ್ದದ್ದನ್ನು ಬೆಲ್ಟೇ ತಿಳಿದುಕೊಳ್ಳುತ್ತದೆ ಎಂಬುದೇ ಪ್ರಾಜೆಕ್ಟಿನ ಹೆಗ್ಗಳಿಕೆ.

ಆ ದಿನ ಬೆಲ್ಟ್ ಚಾರ್ಜಿಗೆ ಹಾಕಿತ್ತು ಎಂದು ಅವನು ಸಪ್ನಾಳಿಗೆ ಹೇಳಿದ್ದ. ಹೇಳಬೇಕೆಂದು ಮೊದಲೇ ಅಂದುಕೊಂಡಿರಲಿಲ್ಲ, ಫೋನಿನಲ್ಲಿ ಅವಳು "ಬೆಲ್ಟ್ ಹಾಕಿದ್ರಾ?" ಎಂದು ಕೇಳಿದಾಗ ಬಾಯಿ ತಾನಾಗಿ ಹೇಳಿಬಿಟ್ಟಿತು. ಅಮ್ಮ ಅದನ್ನೂ ಕೇಳಲಿಲ್ಲ. ಆ್ಯಂಬುಲೆನ್ಸ್ ಬರುವ ಮೊದಲು ದೊಡ್ಡಮ್ಮನ ಸೊಂಟದಿಂದ ಬೆಲ್ಟನ್ನು ಬಿಚ್ಚಿ, ಮಡಚಿ, ಅವನ ಪುಸ್ತಕಗಳ ಪಕ್ಕದಲ್ಲಿಟ್ಟರು. ಒಗೆದ ಬಟ್ಟೆ ಇಡುವ ಹಾಗೆ.

ವಾರ್ಡಿನಲ್ಲಿ ಫಿನಾಯಿಲ್ ವಾಸನೆ, ಕಿಟಕಿಯಾಚೆ ಫ್ಲೈಓವರ್‌ನ ಸದ್ದು. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ದೊಡ್ಡಮ್ಮ ಅವನನ್ನು ನೋಡಿದ್ದೇ ಸೆರಗು ಸರಿಮಾಡಿಕೊಳ್ಳಲು ಹೋದರು. ಮೈಮೇಲಿದ್ದದ್ದು ಆಸ್ಪತ್ರೆಯ ನಿಲುವಂಗಿ, ಕೈಗೆ ಸೆರಗು ಸಿಗಲಿಲ್ಲ.

"ಬಂದ್ಯಾ ಮಗಾ? ಇವತ್ತಲ್ವಾ ನಿನ್ನ ಪರೀಕ್ಷೆ? ನಿನ್ನಮ್ಮ ಅಕ್ಕುವಿಗೆ ಎಂತ ತಲೆ ಇಲ್ವಾ, ನಿನ್ನನ್ನು ಕಳಿಸಿದ್ದು?"

"ಅಮ್ಮ ಸ್ನಾನಕ್ಕೆ ಹೋದ್ರು. ಮೈಂ ಹೂಂ ನಾ, ನಾನಿದ್ದೇನಲ್ಲ, ಟೆನ್ಶನ್ ಬೇಡ," ಎಂದ. ಅವನ ಕನ್ನಡ ಎರಡು ಮಾತಿಗೊಮ್ಮೆ ಹಿಂದಿಗೆ ಜಾರುತ್ತಿತ್ತು.

"ನೋಡಿ," ಎಂದು ದೊಡ್ಡಮ್ಮ ಪಕ್ಕದ ಮಂಚದ ಮರಾಠಿ ಮುದುಕಿಗೆ ಕನ್ನಡದಲ್ಲೇ ಹೇಳಿದರು, "ಇಡೀ ವಾರ್ಡಿನಲ್ಲಿ ಇಂಜಿನಿಯರ್ ಗಂಜಿ ತರುವುದು ನನಗೊಬ್ಬಳಿಗೇ." ಮುದುಕಿಗೆ ಇಂಜಿನಿಯರ್ ಎಂಬುದಷ್ಟೇ ಅರ್ಥವಾಗಿ ತಲೆಯಾಡಿಸಿದಳು.

ಗಂಜಿ ಕುಡಿಸುವಾಗ ಟವೆಲ್ ಬೇಕಾಯಿತು. ತೆಗೆದಾಗ ಬೆಲ್ಟ್ ಕಂಡಿತು. ಮನೀಶ ಚಮಚವನ್ನು ಹಾಗೇ ಹಿಡಿದು ನಿಂತ.

"ಇಲ್ಲಿಯೂ ಕಟ್ತೀಯಾ ಮಾರಾಯ? ಮಂಚದಿಂದ ಎಲ್ಲಿಗೆ ಬೀಳುದು ನಾನು?"

"ಸಾರಿ ದೊಡ್ಡಮ್ಮ. ಅದು ಕೂಗ್ಬೇಕಿತ್ತು. ಯಾಕೆ ಕೂಗ್ಲಿಲ್ಲ ನನಗೆ ಗೊತ್ತಾಗ್ತಾ ಇಲ್ಲ."

"ಅದಕ್ಕೆ ಬೈಬೇಡ. ಮೊದಮೊದಲು ಪಾಪ ಪ್ರತಿ ಸಲ ಬಡ್ಕೊಳ್ತಿತ್ತು. ನಾನೇ ಅದಕ್ಕೆ ಬಾಯಿ ಮುಚ್ಚಿಸಿ ಮುಚ್ಚಿಸಿ ಅಭ್ಯಾಸ ಮಾಡಿಸಿದ್ದು."

"ಪ್ರತಿ ಸಲ ಅಂದ್ರೆ?"

ದೊಡ್ಡಮ್ಮ ಗಂಜಿ ನುಂಗಿದರು. "ಅದೇ, ಕಾಲು ಹೋದಾಗ. ಗ್ರೈಂಡರಿನ ಹತ್ರ ಒಮ್ಮೆ. ಬಚ್ಚಲಲ್ಲಿ ಎರಡು ಸಲವೋ ಎಂತದೋ. ಗ್ಯಾಲರಿಯಲ್ಲಿ ಬಟ್ಟೆ ತೆಗೀಲಿಕ್ಕೆ ಹೋದಾಗ. ಗೋಡೆ ಹಿಡ್ಕೊಳ್ತಿದ್ದೆ, ಆದ್ರೆ ಗೋಡೆ ಎಂತ ಹಿಡ್ಕೊಳ್ತದೆ, ಟೈಲ್ಸ್ ಅಲ್ವಾ." ಅಂಗೈಯನ್ನು ಗಾಳಿಯಲ್ಲಿ ಮೇಲಿನಿಂದ ಕೆಳಕ್ಕೆ ಮೆಲ್ಲನೆ ಜಾರಿಸಿ ತೋರಿಸಿದರು. "ಹೀಗೆ ಹೋಗುದು. ಅದು ಕುಂಯ್ ಅಂತ ಶುರು ಮಾಡ್ತಿತ್ತು. ಕೂತಲ್ಲೇ ಒತ್ತಿ ಎದ್ದುಬಿಡ್ತಿದ್ದೆ. ಮೆಸೇಜ್ ಹೋದ್ರೆ ಅಕ್ಕು ಬ್ಯಾಂಕು ಬಿಟ್ಟು ಓಡಿ ಬರುದಿಲ್ವಾ? ನೀನು ಕ್ಲಾಸಿನಲ್ಲಿ ಗಾಬರಿ ಬೀಳುದಿಲ್ವಾ?"

"ನಾನು ಡೈಲಿ ಕೇಳ್ತಿದ್ದೆ. ಬಿದ್ರಾ ಅಂತ. ಎಂತ ಇಲ್ಲ ಅಂತಿದ್ರಿ."

"ಮತ್ತೆಂತ ಹೇಳುದು? ಬಿದ್ದೆ ಅಂದ್ರೆ ನಾಳೆಯಿಂದ ಅಕ್ಕು ಅಡುಗೆಗೆ ಬಿಡುದಿಲ್ಲ. ತಂಗಿಯ ಮನೆಯಲ್ಲಿ ಸುಮ್ನೆ ಕೂತು ಉಣ್ಣುದಾ?" ಆಮೇಲೆ ಅವನ ಮುಖ ನೋಡಿ, "ಎಂತ ಇಲ್ಲ ಮಗಾ, ನೀನು ಹೋಗು. ಚಂದ ಮಾಡಿ ಹೇಳು ಅವರಿಗೆ. ನಾನು ಕಟ್ಟಿಕೊಂಡದ್ದೂ ಸಾರ್ಥಕ ಆಗ್ಲಿ," ಎಂದರು.

ನಾಳೆ ಆಪರೇಷನ್. ರಾಡ್ ಹಾಕುತ್ತಾರಂತೆ, ಮೊದಲಿನ ಹಾಗೆ ನಡೆಯುತ್ತಾರೆಂದು ಹೇಳಲಾಗದು ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದರು. ಡಬ್ಬಿಯನ್ನು ತೊಳೆಯಲು ನಲ್ಲಿಯ ಬಳಿ ನಿಂತಾಗ ಮನೀಶನಿಗೆ ತಾನು ಅಳಬೇಕು ಅನ್ನಿಸಿತು, ಅಳು ಬರಲಿಲ್ಲ. ಬದಲಿಗೆ ಒಂದು ಸಂಖ್ಯೆ ಬಂತು. ಹನ್ನೊಂದು. ಪ್ರಾಜೆಕ್ಟ್ ವರದಿಯಲ್ಲಿ ದಪ್ಪಕ್ಷರದಲ್ಲಿದ್ದ ಸಂಖ್ಯೆ: ಮೊದಲ ತಿಂಗಳು ಸುಳ್ಳು ಅಲಾರಂ ಹನ್ನೊಂದು, ಸುಧಾರಣೆಯ ಬಳಿಕ ಸೊನ್ನೆ.

ಬೊರಿವಲಿಯಿಂದ ಹೊರಡುವ ಸ್ಲೋ ಲೋಕಲ್ ರೈಲಿನಲ್ಲಿ ಆ ಹೊತ್ತಿಗೆ ನಿಲ್ಲಲು ಜಾಗವಿತ್ತು. ಬಾಗಿಲ ಪಕ್ಕದ ಕಂಬಿ ಹಿಡಿದು ನಿಂತ. ಬೀಳುವುದು ಹೇಗೆಂದು ಬೆಲ್ಟಿಗೆ ಕಲಿಸಿದ್ದು ಅವನ ಕ್ಲಾಸಿನವರೇ, ಇಪ್ಪತ್ತೊಂದು ವರ್ಷದವರು. ಕಾಲೇಜಿನ ಜಿಮ್‌ನ ನೀಲಿ ಹಾಸಿಗೆಯ ಮೇಲೆ ಇಡೀ ಕ್ಲಾಸು ಸಾಲುಗಟ್ಟಿ ಬಿದ್ದಿತ್ತು. ಮುಂದಕ್ಕೆ, ಹಿಂದಕ್ಕೆ, ಮಗ್ಗುಲಿಗೆ. ಬಿದ್ದವರೆಲ್ಲ ನಗುತ್ತಿದ್ದರು. ಸಪ್ನಾ ಎಲ್ಲರಿಗಿಂತ ಚೆನ್ನಾಗಿ ಬೀಳುತ್ತಿದ್ದಳು, ಎದೆಗೆ ಕೈಯಿಟ್ಟುಕೊಂಡು, ಗುಂಡು ತಾಗಿದವಳ ಹಾಗೆ. ಅವಳು ಬಿದ್ದಾಗ ಲ್ಯಾಪ್‌ಟಾಪಿನಲ್ಲಿ ಗೆರೆ ಒಮ್ಮೆ ಕುಸಿದು ತಟ್ಟನೆ ಗುರುತ್ವದ ಮೂರು ಪಟ್ಟಿಗೆ ನೆಗೆಯುತ್ತಿತ್ತು. ಬೀಳುವುದೆಂದರೆ ಆ ಚೂಪು ಶಿಖರ ಎಂದಾಯಿತು. ದೊಡ್ಡಮ್ಮನ ಗೆರೆಗಳಲ್ಲಿ ಶಿಖರ ಇರಲಿಲ್ಲ, ದಿಬ್ಬ ಇತ್ತು. ಧಪ್ಪನೆ ಕೂತರೂ ಅಂಥದೇ ದಿಬ್ಬ ಬರುತ್ತದೆ. ಪ್ರತಿ ದಿಬ್ಬದ ಕೊನೆಗೆ ಬಟನ್ ಒತ್ತಿದ ಗುರುತು, ಎದ್ದು ನಿಂತ ಗುರುತು. ಬೆಲ್ಟ್ ಕಟ್ಟಿದ ಮೊದಲ ದಿನ ದೊಡ್ಡಮ್ಮ ಕನ್ನಡಿಯ ಮುಂದೆ ನಿಂತು, "ಟಿಕೆಟ್ ಕೊಡುದೊಂದು ಬಾಕಿ, ಥೇಟ್ ಬಸ್ ಕಂಡಕ್ಟರ್," ಎಂದು ನಕ್ಕಿದ್ದರು. ಬಿಲ್ಡಿಂಗಿನ ಹೆಂಗಸರ ಶನಿವಾರದ ಭಜನೆಯ ನಡುವೆ ಅದು ಕೂಗಿ ಎಲ್ಲರೂ ತಿರುಗಿ ನೋಡಿದ್ದನ್ನು ಅಭಿನಯಿಸಿ ತೋರಿಸಿದ್ದರು. ಅದು ನಿಜವಾಗಿಯೂ ಕೂತದ್ದಿರಬೇಕು. ಹನ್ನೊಂದರಲ್ಲಿ ಒಂದಾದರೂ ಕೂತದ್ದಿರಲಿ ಎಂದು ಮನೀಶ ಕಾಂದಿವಲಿಯಿಂದ ಮಲಾಡಿನವರೆಗೆ ಬೇಡಿಕೊಂಡ.

ಗೈಡ್ ಶಿವಕುಮಾರಿ ಮೇಡಂ ಕಲಬುರಗಿ ಕಡೆಯವರು. ಅವನೊಬ್ಬನ ಜೊತೆ ಮಾತ್ರ ಕನ್ನಡ ಆಡುತ್ತಿದ್ದರು. ಆ ಹನ್ನೊಂದನ್ನು ನೋಡಿ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ: "ಇಷ್ಟು ಸುಳ್ಳ ಅಲಾರಂ ಬಂದ್ರ ಜನಾ ಬೆಲ್ಟ್ ಬಿಚ್ಚಿ ಒಗಿತಾರಪಾ. ಕಡಿಮಿ ಮಾಡು." ಅವನು ಅದೇ ಸಂಜೆ ಮಿತಿಯನ್ನು ಏರಿಸಿದ. ಗುರುತ್ವದ ಎರಡೂವರೆ ಪಟ್ಟಿಗಿಂತ ಕಡಿಮೆಯಾದದ್ದು ಇನ್ನು ಬಿದ್ದದ್ದಲ್ಲ. ಒಂದು ಸಾಲು, ಅದರಲ್ಲಿ ಒಂದು ಅಂಕಿ. ಮರುದಿನದಿಂದ ಬೆಲ್ಟ್ ಸುಮ್ಮನಾಯಿತು. ದೊಡ್ಡಮ್ಮ ಸಂತೋಷಪಟ್ಟರು. "ಈಗ ಒಳ್ಳೆ ಬುದ್ಧಿ ಬಂತು ನೋಡು ಅದಕ್ಕೆ," ಎಂದು ಅವನ ತಟ್ಟೆಗೆ ಇನ್ನೊಂದು ನೀರುದೋಸೆ ಹಾಕಿದರು.

ಅಷ್ಟೇ ಆಗಿದ್ದರೆ ತಾನು ಮೋಸಹೋದೆ ಎಂದುಕೊಳ್ಳಬಹುದಿತ್ತು. ಗೊತ್ತಿರಲಿಲ್ಲ ಎಂಬ ಮಾತನ್ನು ಅವನು ಕಂಬಿ ಹಿಡಿದಲ್ಲೇ ಎರಡು ಮೂರು ಬಗೆಯಲ್ಲಿ ಕಟ್ಟಿ ನೋಡಿದ. ಪ್ರತಿ ಸಲವೂ ನಡುವೆ ಒಂದು ಕಾಲು ಬಂದು ನಿಲ್ಲುತ್ತಿತ್ತು. ಸುಧಾರಣೆಯಾದ ಎರಡನೇ ವಾರ. ದೊಡ್ಡಮ್ಮ ನೆಲದ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದರು. ಸೀರೆಯ ಅಂಚು ಸರಿದು ಪಾದದ ಗಂಟು ಕಂಡಿತು. ಊದಿಕೊಂಡಿತ್ತು, ಅರಿಶಿನ ಸುಣ್ಣ ಕಲಸಿ ಹಚ್ಚಿದ ಕೆಂಪು ಒಣಗಿ ಬಿರಿದಿತ್ತು. ಅವನು ಲ್ಯಾಪ್‌ಟಾಪ್ ಹಿಡಿದು ದಾಟುತ್ತಿದ್ದ. ನೋಡಿದ. ಅವನು ನೋಡಿದ್ದನ್ನು ದೊಡ್ಡಮ್ಮ ನೋಡಿದರು, ಅಂಚನ್ನು ಎಳೆದುಕೊಂಡರು. ಏನಾಯಿತು ಎಂದು ಕೇಳಲು ಒಂದು ಮಾತು ಸಾಕಿತ್ತು. ಆ ಸಂಜೆ ವರದಿಯ ಆ ಪುಟವನ್ನು ಸಪ್ನಾಳಿಗೆ ಕಳಿಸುವುದಿತ್ತು. ಸೊನ್ನೆ ಎಂದು ಬರೆದಾಗಿತ್ತು. ಅವನು ದಾಟಿ ಹೋದ. ಗೊತ್ತಿರಲಿಲ್ಲ ಎನ್ನುವುದಕ್ಕೂ ಗೊತ್ತಾಗದಿರಲಿ ಎನ್ನುವುದಕ್ಕೂ ನಡುವೆ ಇದ್ದದ್ದು ಅಡುಗೆಮನೆಯಿಂದ ಹಾಲ್‌ಗೆ ಇರುವಷ್ಟೇ ದೂರ. ಗೋರೆಗಾಂವ್ ಬಂತು. ಹಿಂದಿನವರು ತಳ್ಳಿದರು, ಅವನು ಇಳಿದ.

ಲ್ಯಾಬಿನ ಬಾಗಿಲಲ್ಲೇ ಸಪ್ನಾ ಹಿಡಿದುಕೊಂಡಳು. "ಅರೇ, ಕಹಾಂ ಥಾ ತೂ? ಸರ್ ಬಂದು ಚಾ ಕುಡಿದೂ ಆಯ್ತು." ಅವಳು ಇಸ್ತ್ರಿ ಮಾಡಿದ ಬಿಳಿ ಕುರ್ತಾ ಹಾಕಿದ್ದಳು, ಬೀಳಲಿಕ್ಕೆಂದೇ ಕೆಳಗೆ ಟ್ರ್ಯಾಕ್ ಪ್ಯಾಂಟ್. ಮೇಜುಗಳನ್ನು ಬದಿಗೆ ಸರಿಸಿ ಜಿಮ್‌ನ ನೀಲಿ ಹಾಸಿಗೆಯನ್ನು ಗೋಡೆಯ ಬದಿಗೆ ಹಾಸಿದ್ದರು. ಅವಳ ಕಿವಿಯಲ್ಲಿ ಹೇಳಿಬಿಡಬೇಕೆಂದು ಮನೀಶ ಬಾಯಿ ತೆರೆದ. ಅವಳು ಬೆಲ್ಟನ್ನು ಅವನ ಕೈಯಿಂದ ಕಿತ್ತುಕೊಂಡು ಆಗಲೇ ಕಟ್ಟಿಕೊಳ್ಳುತ್ತಿದ್ದಳು. "ಬಿಸಿ ಯಾಕಿದೆ ಇದು? ಚೀಲದಲ್ಲಿ ಏನಿಟ್ಟಿದ್ದೆ, ವಡಾಪಾವ್?"

"ದೊಡ್ಡಮ್ಮ ಹ್ಯಾಂಗದಾರಪಾ?" ಎಂದು ಶಿವಕುಮಾರಿ ಮೇಡಂ ಮೆತ್ತಗೆ ಕೇಳಿದರು.

"ಎಂತ ಇಲ್ಲ ಮೇಡಂ. ಅರಾಮಿದ್ದಾರೆ," ಎಂದ. ಹೇಳಿದ ಮೇಲೆ ಅದು ಯಾರ ಮಾತೆಂದು ತಿಳಿಯಿತು.

ಪರೀಕ್ಷಕರು ತೆಳ್ಳಗಿದ್ದರು, ಎಪ್ಪತ್ತರ ಆಸುಪಾಸು. ಕುರ್ಚಿಯಿಂದ ಏಳುವಾಗ ಮೊದಲು ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟು, ಸ್ವಲ್ಪ ತಡೆದು, ಆಮೇಲೆ ಏಳುತ್ತಿದ್ದರು. ಮನೀಶ ಆ ತಡೆಯುವುದನ್ನೇ ನೋಡಿದ. ಹಿಂದೆಂದೂ ಯಾರು ಏಳುವುದನ್ನೂ ಅವನು ಹೀಗೆ ನೋಡಿರಲಿಲ್ಲ. ಸಪ್ನಾ ಪೋಸ್ಟರಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ವಿವರಿಸಿದಳು. ಹನ್ನೊಂದು ಎಂದಳು, ಸೊನ್ನೆ ಎಂದಳು. ಒಬ್ಬ ಹಿರಿಯ ಮಹಿಳೆ ಮನೆಯಲ್ಲಿ ವಾರಗಟ್ಟಲೆ ಧರಿಸಿ ಪರೀಕ್ಷಿಸಿದ್ದಾರೆ ಎಂದಳು. ಆಮೇಲೆ ಹಾಸಿಗೆಯ ತುದಿಯಲ್ಲಿ ನಿಂತು, ಕಣ್ಣು ಮುಚ್ಚಿ, ಬಿದ್ದಳು. ಧಡ್. ಬಜರ್ ಕೂಗಿತು. ಹದಿನೈದು ಸೆಕೆಂಡು ಅವಳು ಏಳಲಿಲ್ಲ, ಮೇಜಿನ ಮೇಲಿನ ಫೋನ್ ಮಿನುಗಿತು: ಸಹಾಯ ಬೇಕಾಗಿದೆ. ಬಾಗಿಲಲ್ಲಿ ಇಣುಕುತ್ತಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಪರೀಕ್ಷಕರೂ ನಕ್ಕರು.

"ಬಹುತ್ ಅಚ್ಛಾ," ಎಂದರು. "ಮೂವತ್ತು ಮಾಡಲು ಎಷ್ಟು ದಿನ ಬೇಕು?"

"ಒಂದು ತಿಂಗಳು ಸರ್," ಎಂದಳು ಸಪ್ನಾ, ಇನ್ನೂ ಹಾಸಿಗೆಯ ಮೇಲೆ ಕೂತೇ.

"ಆದರೆ ಬೇಟಾ, ನೀನು ಬಿದ್ದ ಹಾಗೆ ಬೀಳಲು ಶಕ್ತಿ ಬೇಕು," ಎಂದು ಅವರು ಹಿಂದಿಯಲ್ಲಿ ತಮಾಷೆಯಾಗಿ ಹೇಳಿದರು. "ನನ್ನಂಥ ಮುದುಕ ಹಾಗೆ ಬಿದ್ದಾನಾ?"

ಸಪ್ನಾ ನಕ್ಕಳು. ಮೇಡಂ ನಕ್ಕರು. ಉತ್ತರ ಬೇಕಿಲ್ಲದ ಪ್ರಶ್ನೆ ಅದು. ಅವರು ಆಗಲೇ ಪೆನ್ನು ತೆಗೆದಿದ್ದರು.

"ನಾನು ತೋರಿಸ್ತೇನೆ ಸರ್," ಎಂದ ಮನೀಶ.

ಸಪ್ನಾ ಅವನನ್ನು ನೋಡಿದಳು. ಇದು ಅವರು ಅಭ್ಯಾಸ ಮಾಡಿದ್ದರಲ್ಲಿ ಇರಲಿಲ್ಲ. ಬೆಲ್ಟ್ ಬಿಚ್ಚಿ ಕೊಡುವಾಗ "ಜೋರಾಗಿ ಬೀಳು, ಹಾಂ," ಎಂದು ಪಿಸುಗುಟ್ಟಿದಳು. ಅವನು ಸೊಂಟಕ್ಕೆ ಬಿಗಿದುಕೊಂಡ. ಪೆಟ್ಟಿಗೆ ಇನ್ನೂ ಬೆಚ್ಚಗಿತ್ತು, ಗಂಜಿಯದೋ ಅವಳ ಮೈಯದೋ. ಹಾಸಿಗೆಯನ್ನು ಬಿಟ್ಟು ಅದರ ಪಕ್ಕದ ಖಾಲಿ ನೆಲಕ್ಕೆ ಹೋಗಿ, ಗೋಡೆಗೆ ಅಂಗೈ ಊರಿ ನಿಂತ. ಎಣ್ಣೆ ಬಣ್ಣ ಬಳಿದ ಗೋಡೆ, ನುಣುಪಾಗಿತ್ತು. ಕಾಲು ಹೋಗುವುದು ಎಂದರೆ ಹೇಗೆ? ಮೊದಲು ಮಂಡಿ, ಅಥವಾ ಮೊದಲು ಕಣ್ಣು ಕತ್ತಲಾಗಿ ಆಮೇಲೆ ಮಂಡಿ? ಗ್ರೈಂಡರ್ ತಿರುಗುತ್ತಿರುತ್ತದೆ, ಕೈಯಲ್ಲಿ ಹಿಟ್ಟು. ಯಾರೂ ಇಲ್ಲದ ಮನೆ. ಬೀಳಬಾರದು, ಬಿದ್ದರೆ ಗೊತ್ತಾಗಬಾರದು. ಅವನು ಎಡಗಾಲನ್ನು ಬಿಟ್ಟುಕೊಟ್ಟ. ಮೈ ತಾನಾಗಿ ಗೋಡೆಯನ್ನು ಹುಡುಕಿತು. ಅಂಗೈ ಕಿರ್ರೆನ್ನುತ್ತ ಕೆಳಗೆ ಜಾರಿತು, ಭುಜ ಜಾರಿತು, ಬೆರಳು ಸ್ವಿಚ್ ಬೋರ್ಡಿನ ಅಂಚಿಗೆ ಸಿಕ್ಕಿ ತಪ್ಪಿತು, ಮೊಣಕೈ ಅದಕ್ಕೇ ತರಚಿತು. ಸೊಂಟ ನೆಲ ಮುಟ್ಟಿದ್ದು ಎಲ್ಲಕ್ಕಿಂತ ಕೊನೆಗೆ, ಬಹಳ ಮೆತ್ತಗೆ. ಆಮೇಲೆ ತಲೆಯನ್ನೂ ನೆಲಕ್ಕೆ ಇಳಿಸಿದ.

ಬೆಲ್ಟ್ ಕೂಗಲಿಲ್ಲ.

ನೆಲದಿಂದ ಲ್ಯಾಬ್ ಬೇರೆಯೇ ಆಗಿತ್ತು. ಕುರ್ಚಿಯ ಕಾಲುಗಳು, ಮೇಜಿನಡಿಯ ಅಂಟಿದ ಚೂಯಿಂಗ್ ಗಮ್, ಸಪ್ನಾಳ ಬೂಟಿನ ಬಿಚ್ಚಿದ ಲೇಸು. ಬಚ್ಚಲ ಬಾಗಿಲಿನಿಂದ ದೊಡ್ಡಮ್ಮನಿಗೆ ಕಂಡಿರಬಹುದಾದದ್ದು ಹಾಲ್‌ನ ಸೋಫಾದ ಅಡಿ. ಅಲ್ಲಿ ಅವನ ಕಳೆದುಹೋದ ಒಂದು ಸಾಕ್ಸ್ ಇದ್ದೀತು. ಸಂಜೆಯವರೆಗೆ ಅದನ್ನೇ ನೋಡುತ್ತಿದ್ದರೋ ಏನೋ. ಫ್ಯಾನ್ ತಿರುಗುತ್ತಿತ್ತು. ಯಾರೋ ಬಾಗಿಲಲ್ಲಿ ಕಿಸಕ್ಕೆಂದರು.

"ಸರ್, ಯೇ ಗಿರಾ ನಹೀಂ," ಸಪ್ನಾ ಅವಸರದಿಂದ ಹೇಳಿದಳು. "ಬೈಠ್ ಗಯಾ. ಇದು ಬಿದ್ದದ್ದಲ್ಲ, ಕೂತದ್ದು. ಸಿಸ್ಟಮ್ ಸರಿಯಾಗಿಯೇ ಗುರುತಿಸಿದೆ. ಮನೀಶ್, ಉಠ್ ನಾ."

ಪರೀಕ್ಷಕರ ಬೂಟುಗಳು ಹತ್ತಿರ ಬಂದವು. ಕೈ ಮೊಣಕಾಲಿಗೆ ಹೋಯಿತು, ತಡೆಯಿತು, ಅವರು ಬಗ್ಗಿದರು. ಮುಖದಲ್ಲಿ ತಮಾಷೆ ಇರಲಿಲ್ಲ. "ಲಗಾ ಕ್ಯಾ, ಬೇಟಾ? ಪೆಟ್ಟಾಯಿತಾ?"

"ಎಂತ ಇಲ್ಲ," ಎಂದ ಮನೀಶ. ಬೇರೆ ಏನಾದರೂ ಹೇಳಬೇಕೆಂದಿದ್ದ. ಬಂದದ್ದು ಅದು, ಅದೂ ಕನ್ನಡದಲ್ಲಿ. ಅಷ್ಟು ಮಾತ್ರವಲ್ಲ, ಅವನ ಹೆಬ್ಬೆರಳು ಸೊಂಟಕ್ಕೆ ಹೋಗಿ ಕೆಂಪು ಬಟನ್ನಿನ ಮೇಲೆ ಕೂತಿತ್ತು. ಕೂಗದೇ ಇದ್ದದ್ದನ್ನು ಸುಮ್ಮನಾಗಿಸಲು.

"ಎಂತ ಇಲ್ಲಂದ್ರ?" ಶಿವಕುಮಾರಿ ಮೇಡಂ ಕುರ್ಚಿಯಿಂದ ಎದ್ದಿದ್ದರು. "ಮೊಣಕೈಲೆ ರಕ್ತ ಬರಾಕತ್ತದ, ಎಂತ ಇಲ್ಲಂತಾನ. ಏಳಪಾ, ಎದ್ದೇಳು."

ಅವನು ಹೆಬ್ಬೆರಳನ್ನು ಬಟನ್ನಿನಿಂದ ತೆಗೆದು ಕೈಯನ್ನು ನೆಲದ ಮೇಲೆ ಚಾಚಿದ. ಪರೀಕ್ಷಕರು ಕೈ ಕೊಟ್ಟರು. ಸಪ್ನಾ ಅವನ ಹೆಸರನ್ನು ಮತ್ತೊಮ್ಮೆ ಕರೆದಳು, ಈಗ ಅವಳ ದನಿಯಲ್ಲಿ ಹೆದರಿಕೆ ಇತ್ತು. ಏಳುವುದು ಕಷ್ಟವಿರಲಿಲ್ಲ. ಎದ್ದರೆ ಎಲ್ಲರೂ ನಗುತ್ತಿದ್ದರು, ಪೆನ್ನು ಕಾಗದಕ್ಕೆ ಮರಳುತ್ತಿತ್ತು. ಆದರೆ ಎದ್ದರೆ ಅದು ಬಿದ್ದದ್ದಲ್ಲ. ಆ ನಿಯಮ ಬರೆದವನು ಅವನೇ.

ಮನೀಶ ಏಳಲಿಲ್ಲ. ಮೊಣಕೈಯಿಂದ ರಕ್ತ ನೆಲಕ್ಕೆ ಇಳಿಯುವುದನ್ನು ಅವರೆಲ್ಲ ನೋಡಲಿ ಎಂದು ಬಿದ್ದಲ್ಲೇ ಬಿದ್ದಿದ್ದ.